ಬಿಪಿಗೆ ರಿಲ್ಯಾಕ್ಸೇಷನ್ ಶುರು ಮಾಡ್ತಿದೀರಾ? ಸಿಟ್ಟಿನ ಲೆಕ್ಕಾನೂ ಇಟ್ಕೊಳ್ಳಿ

ಬಿಪಿ ಇದೆ ಅಂದ ತಕ್ಷಣ ಎಲ್ರೂ "ಟೆನ್ಷನ್ ತಗೋಬೇಡಿ" ಅಂತಾರೆ, ಹೇಗೆ ತಗೋಬಾರ್ದು ಅಂತ ಯಾರೂ ಹೇಳಲ್ಲ. ನಾನು ಎರಡು ತಿಂಗಳಿಂದ ಮಾಡ್ತಿರೋದನ್ನ ಹೇಳ್ತೀನಿ, ಮಾತ್ರೆ ಮಾತ್ರ ನಿಲ್ಸಿಲ್ಲ, ನೀವೂ ಡಾಕ್ಟರ್‌ನ ಕೇಳ್ದೆ ನಿಲ್ಲಿಸ್ಬೇಡಿ.

ಮೊದ್ಲು ಒಂದು ನೋಟ್‌ಬುಕ್. ಬೆಳಗ್ಗೆ ಕಾಫಿಗೆ ಮುಂಚೆ ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ನೆ ಕೂತ್ಕೊಂಡು, ಪಾದ ನೆಲಕ್ಕೂರಿ, ಕೈ ಎದೆ ಮಟ್ಟಕ್ಕೆ ಟೇಬಲ್ ಮೇಲಿಟ್ಟು ಬಿಪಿ ನೋಡಿ, ಮಾತಾಡ್ಬೇಡಿ. ಪಕ್ಕದಲ್ಲೇ ಇನ್ನೆರಡು ಬರೀರಿ: ರಾತ್ರಿ ನಿದ್ದೆ ಹೇಗಿತ್ತು, ನಿನ್ನೆ ಎಷ್ಟು ಸಲ ಕೂಗಾಡಿದ್ರಿ. ಯಾಕಂದ್ರೆ ನಂಗೆ ಮೊದ್ಲು ಬದಲಾಗಿದ್ದು ಇವೆರಡೇ, ಬಿಪಿ ನಂಬರ್ ಇಳಿಯೋದು ನಿಧಾನ, ಇಳಿದ್ರೂ ಸ್ವಲ್ಪಾನೇ.

ಇನ್ನು ಅಭ್ಯಾಸ. ಚಾಪೆ ಮೇಲೆ ಮಲಗಿ, ಪಾದದಿಂದ ಶುರು ಮಾಡಿ ಒಂದೊಂದೇ ಭಾಗ ಐದು ಸೆಕೆಂಡ್ ಬಿಗಿ ಹಿಡಿದು ಪೂರ್ತಿ ಸಡಿಲ ಬಿಡಿ. ದವಡೆ ಮರೀಬೇಡಿ, ನಾನು ದಿನವಿಡೀ ಹಲ್ಲು ಕಚ್ಕೊಂಡೇ ಇರ್ತೀನಿ ಅಂತ ಗೊತ್ತಾಗಿದ್ದೇ ಆವಾಗ. ಆಮೇಲೆ ನಿಧಾನಕ್ಕೆ ಉಸಿರು, ನಿಮಿಷಕ್ಕೆ ಆರರ ಹಾಗೆ, ಹತ್ತು ನಿಮಿಷ. ಇದೇನು ಹೊಸ ಫ್ಯಾಷನ್ ಅಲ್ಲ, 1969ರಲ್ಲೇ ಮುಂಬೈನ ಡಾ. ದಾತೆ ಮತ್ತು ಜೊತೆಯವರು ಬಿಪಿ ಇರೋರಿಗೆ ಶವಾಸನ ಕಲಿಸಿ ಅದರ ವರದಿ ಬರೆದಿದ್ರು.

ಕೆಲವ್ರಿಗೆ ಕಣ್ಣು ಮುಚ್ಚಿ ಮಲಗಿದ್ರೆ ಗಾಬರಿ ಜಾಸ್ತಿ ಆಗುತ್ತೆ, ನಂಗೂ ಮೊದಲ ವಾರ ಹಾಗೇ ಆಯ್ತು, ಎದೆ ಬಡಿತಾನೇ ಕೇಳಿಸ್ತಿತ್ತು. ಅಂಥೋರು ಕಣ್ಣು ಬಿಟ್ಟು ಕೂತ್ಕೊಂಡೇ ಮಾಡಿ, ಮೂರು ನಿಮಿಷ ಸಾಕು. ಎದೆನೋವು, ಉಸಿರಾಟದ ತೊಂದ್ರೆ, ಮಾತು ತೊದಲೋದು ಅಂತಿದ್ರೆ ಇದೆಲ್ಲ ಮಾಡ್ತಾ ಕೂರ್ಬೇಡಿ, ಆಸ್ಪತ್ರೆಗೆ ಓಡಿ.

ಮೂರನೇ ವಾರ ಅರ್ಧ ಸ್ನಾನದಲ್ಲಿ ನೀರು ನಿಂತೋಯ್ತು, ಮೈಯೆಲ್ಲಾ ಸೋಪು. ನಾನು ಸುಮ್ನೆ ನಿಂತಿದ್ದೆ. ಹೆಂಡ್ತಿ ಬಾಗಿಲು ಬಡಿದು "ಏನ್ರೀ, ಹುಷಾರಾಗಿದೀರಾ?" ಅಂದ್ಲು. ಅವತ್ತು ಕೂಗಾಟದ ಕಾಲಂನಲ್ಲಿ ಸೊನ್ನೆ, ಬಿಪಿ ಮಾತ್ರ ಹಿಂದಿನ ದಿನದಷ್ಟೇ.

ಅದನ್ನ ನೋಡಿ ಬೇಜಾರಾಗಿ ಮತ್ತೆ ಮತ್ತೆ ತೋಳಿಗೆ ಬಿಪಿ ಮಷೀನಿನ ಪಟ್ಟಿ ಕಟ್ಕೊಂಡೆ, ಪ್ರತಿ ಸಲಾನೂ ಜಾಸ್ತಿ ಬಂತು, ಆ ಗಾಬರಿಗೇ ಏರ್ತಿತ್ತೇನೋ. ಈಗ ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡೋದಷ್ಟೇ, ಉಳಿದ ಹೊತ್ತು ಮಷೀನು ಬೀರುವಿನಲ್ಲಿ, ಬೀಗದ ಕೈ ಹೆಂಡ್ತಿ ಹತ್ರ.