ಕೈ ಖಾಲಿ ಇಲ್ಲದವರಿಗೆ ಕಣ್ಣೆದುರಿನ ಡೈವ್ ಕಂಪ್ಯೂಟರ್: ನನ್ನ ಅನುಭವ

ನಾನು ಸಮುದ್ರದಡಿ ಫೋಟೊ ತೆಗೆಯುವವನು. ನೀರಿಗಿಳಿದರೆ ಎರಡೂ ಕೈ ಕ್ಯಾಮೆರಾ ಮೇಲೆ. ಮೀನು ಹತ್ತಿರ ಬಂದಾಗ ಮಣಿಕಟ್ಟು ತಿರುಗಿಸಿ ಅಲ್ಲಿನ ಡೈವ್ ಕಂಪ್ಯೂಟರ್‌ನಲ್ಲಿ ಆಳ, ಉಳಿದ ಗಾಳಿ ನೋಡಲು ಮನಸ್ಸೇ ಬರುವುದಿಲ್ಲ. ಸಾಲದ್ದಕ್ಕೆ ಚಾಳೀಸು ಬಂದಿದೆ, ಸಣ್ಣ ಅಂಕಿ ಮಸುಕು. ಅದಕ್ಕೇ ಮಾಸ್ಕ್‌ಗೆ ಸಿಕ್ಕಿಸುವ, ಕಣ್ಣೆದುರೇ ಅಂಕಿ ತೋರಿಸುವ ಹೆಡ್ಸ್-ಅಪ್ ಕಂಪ್ಯೂಟರ್ ತೆಗೆದುಕೊಂಡೆ.

ಇದರಲ್ಲಿ ಪುಟ್ಟದೊಂದು ಪರದೆ, ಅದರ ಮುಂದೆ ಲೆನ್ಸ್. ಪರದೆ ಕಣ್ಣಿನ ಪಕ್ಕದಲ್ಲೇ ಇದ್ದರೂ ಅಂಕಿಗಳು ಸ್ವಲ್ಪ ದೂರದಲ್ಲಿ ತೇಲುತ್ತಿರುವಂತೆ ಕಾಣುತ್ತವೆ. ಹಾಗಾಗಿ ಓದುವ ಕನ್ನಡಕ ಇಲ್ಲದೆಯೂ ನನಗೆ ಸಲೀಸು. ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಉಳಿದಿದೆ ಅನ್ನುವುದನ್ನು ರೆಗ್ಯುಲೇಟರ್‌ನ (ಸಿಲಿಂಡರ್‌ನ ಗಾಳಿಯನ್ನು ಉಸಿರಾಡಲು ಕೊಡುವ ಸಾಧನ) ಫಸ್ಟ್ ಸ್ಟೇಜ್‌ಗೆ, ಅಂದರೆ ಸಿಲಿಂಡರ್‌ಗೆ ಜೋಡಿಸುವ ಭಾಗಕ್ಕೆ, ಕೂರಿಸಿದ ಟ್ರಾನ್ಸ್‌ಮಿಟರ್ ವೈರ್ ಇಲ್ಲದೆ ಕಳಿಸುತ್ತದೆ. ಸ್ಕೂಬಾಪ್ರೊದ ಗೆಲಿಲಿಯೊ ಎಚ್‌ಯುಡಿ ಮಾಸ್ಕ್ ಮೇಲೆ ಕೂರುತ್ತದೆ. ಶಿಯರ್‌ವಾಟರ್‌ನ ನರ್ಡ್ ಬಾಯಿಯ ರೆಗ್ಯುಲೇಟರ್ ಹತ್ತಿರ. ಬೆಲೆ ಲಕ್ಷ ರೂಪಾಯಿ ದಾಟುತ್ತದೆ, ಆತುರ ಬೇಡ.

ಮೊದಲು ಸ್ವಿಮ್ಮಿಂಗ್ ಪೂಲ್‌ನಲ್ಲಿ ಹಾಕಿಕೊಂಡು ಅಭ್ಯಾಸ ಮಾಡಿದೆ. ಪರದೆ ನೋಟದ ನಟ್ಟನಡುವೆ ಬಂದರೆ ತಲೆನೋವು. ನೇರ ನೋಡಿದಾಗ ಅದು ಕಾಣಬಾರದು, ಕಣ್ಣು ಸ್ವಲ್ಪ ಹೊರಳಿಸಿದಾಗ ಮಾತ್ರ ಕಾಣಬೇಕು. ಅಲ್ಲಿಗೆ ತರುವುದಕ್ಕೆ ತಾಳ್ಮೆ ಬೇಕು. ಮಾಸ್ಕ್‌ಗೆ ನೀರು ತುಂಬಿಸಿ ಹೊರಹಾಕುವುದನ್ನೂ ಕಂಪ್ಯೂಟರ್ ಸಮೇತ ಮತ್ತೆ ಮತ್ತೆ ಮಾಡಿದೆ, ಮುಖದ ಮುಂದೆ ಭಾರ ಬಂದಾಗ ಕೈ ಹಿಡಿಯುವ ಜಾಗವೇ ಬದಲಾಗುತ್ತದೆ. ಗಾಜು ಮಂಜಾದರೆ ಅಂಕಿಗಳೂ ಮಂಜು. ಅದಕ್ಕೆ ಬೇಬಿ ಶಾಂಪೂ ಒಂದು ಹನಿ ಸವರಿ ತೊಳೆಯುವುದನ್ನು ತಪ್ಪಿಸುವುದಿಲ್ಲ.

ಆಮೇಲೆ ನೇತ್ರಾಣಿ. ಮುರುಡೇಶ್ವರದಿಂದ ದೋಣಿ ಪ್ರಯಾಣ. ಬಂಡೆ ಪಕ್ಕದ ಕಡಿಮೆ ಆಳದಲ್ಲಿ ಗಿಳಿಮೀನು, ಚಿಟ್ಟೆಮೀನುಗಳ ಫೋಟೊ ತೆಗೆಯುತ್ತಲೇ ಅಂಕಿ ನೋಡುವುದು ರೂಢಿಯಾಯಿತು.

ನಿಜವಾದ ಉಪಯೋಗ ಗೊತ್ತಾಗಿದ್ದು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಈಗಿನ ಸ್ವರಾಜ್ ದ್ವೀಪ. ಡಿಕ್ಸನ್ಸ್ ಪಿನಕಲ್ ನೀರೊಳಗೇ ಮುಳುಗಿರುವ ಬಂಡೆ. 30 ಮೀಟರ್ ಆಳದಲ್ಲಿ ಸಾಮಾನ್ಯ ಗಾಳಿಯಲ್ಲಿ ಡಿಕೊ (ಮೇಲೇರುವಾಗ ಕಡ್ಡಾಯವಾಗಿ ನಿಲ್ಲಬೇಕಾದ ಸ್ಥಿತಿ) ಇಲ್ಲದೆ ಇರಲು ಸಿಗುವುದು ಸುಮಾರು 20 ನಿಮಿಷ, 18 ಮೀಟರ್‌ನಲ್ಲಾದರೆ 50ರ ಆಸುಪಾಸು. ಅಲ್ಲಿಂದ ಮೇಲೇರುವಾಗ ಸುತ್ತ ಬರೀ ನೀಲಿ. ಏರುತ್ತಿದ್ದೇವಾ, ನಿಂತಿದ್ದೇವಾ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಬೇಗ ಏರಿದರೆ ದೇಹದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ. ನಿಮಿಷಕ್ಕೆ 9 ಮೀಟರ್ ದಾಟದಂತೆ ಬರಬೇಕು.

ಇಂಥ ಹೊತ್ತಲ್ಲೇ ಎಸ್‌ಎಂಬಿ ಬಿಡಬೇಕು, ಅಂದರೆ ದೋಣಿಯವರಿಗೆ ನಾವಿರುವ ಜಾಗ ತೋರಿಸುವ ಗಾಳಿಚೀಲ. ಕ್ಯಾಮೆರಾ ಬೆಲ್ಟಿಗೆ ತೂಗಿಬಿಟ್ಟೆ. ಎಡಗೈಯಲ್ಲಿ ದಾರದ ಸುರುಳಿ, ಬಲಗೈಯಲ್ಲಿ ಚೀಲದ ಬಾಯಿ. ಗಾಳಿ ತುಂಬುತ್ತಿದ್ದ ಹಾಗೆ ಚೀಲ ನನ್ನನ್ನೂ ಎಳೆಯತೊಡಗಿತು. ಕಣ್ಣ ತುದಿಯಲ್ಲಿ ಆಳದ ಅಂಕಿ: 6.1 ಮೀಟರ್, 5.8, 5.4. ಉಸಿರು ಬಿಟ್ಟೆ, 5.6ಕ್ಕೆ ಇಳಿದೆ, ಸುರುಳಿ ಸಡಿಲಿಸಿದೆ. ಕೈಗಡಿಯಾರದಂಥ ಕಂಪ್ಯೂಟರ್ ಆಗಿದ್ದರೆ ದಾರ ನೋಡುವುದಾ, ಆಳ ನೋಡುವುದಾ? ಮೇಲೆ ಬರುವ ಮೊದಲು ಸುರಕ್ಷತೆಗಾಗಿ ನಿಲ್ಲುವ ಮೂರು ನಿಮಿಷದ ಸೇಫ್ಟಿ ಸ್ಟಾಪ್ ಅಲ್ಲಾಡದೆ ಮುಗಿಯಿತು. ಈ ಕಂಪ್ಯೂಟರಿಗೆ ಕೊಟ್ಟ ದುಡ್ಡು ನನ್ನ ಮಟ್ಟಿಗೆ ಈ ಹೊತ್ತಿಗಾಗಿಯೇ.

ಹಾಗಂತ ಮಣಿಕಟ್ಟಿನ ಕಂಪ್ಯೂಟರ್ ಬಿಟ್ಟಿಲ್ಲ. ಯಾರದೋ ಕಾಲಿನ ಫಿನ್ (ಈಜುರೆಕ್ಕೆ) ತಗುಲಿ ಮಾಸ್ಕ್ ಕಳಚಿದರೆ ಲೆಕ್ಕವೂ ಅದರ ಜೊತೆಗೇ ಹೋಗುತ್ತದೆ ಅಲ್ವಾ? ಎರಡನ್ನೂ ಮೊದಲ ಡೈವ್‌ನಿಂದಲೇ ಜೊತೆಯಲ್ಲಿ ಓಡಿಸುತ್ತೇನೆ. ಇಲ್ಲದಿದ್ದರೆ ಎರಡನೆಯದಕ್ಕೆ ಹಿಂದಿನ ಡೈವ್‌ನ ನೈಟ್ರೋಜನ್ ಲೆಕ್ಕವೇ ಗೊತ್ತಿರುವುದಿಲ್ಲ. ಹೊಸದಾಗಿ ಡೈವಿಂಗ್ ಕಲಿಯುವವರು ಮೊದಲು ಮಣಿಕಟ್ಟಿನದನ್ನೇ ಬಳಸಲಿ. ಪದೇ ಪದೇ ನೋಡುವ ಅಭ್ಯಾಸ ಆಗಬೇಕು.

ಇನ್ನೊಂದು ವಿಷಯವಿದೆ. ನನ್ನ ಪರದೆ ನನಗೆ ಮಾತ್ರ ಕಾಣುತ್ತದೆ. ಜೊತೆಗೆ ಡೈವ್ ಮಾಡುವ ಸಂಗಾತಿ ಪಕ್ಕದಿಂದ ಇಣುಕಿ ನೋಡಲಾಗದು. ಅದಕ್ಕೆ ದೋಣಿಯಲ್ಲೇ ಮಾತಾಡಿಕೊಳ್ಳುತ್ತೇವೆ: ಸಿಲಿಂಡರ್‌ನ ಗಾಳಿಯ ಒತ್ತಡ 100 ಬಾರ್‌ಗೆ ಬಂದಾಗ, ಮತ್ತೆ 70ಕ್ಕೆ ಬಂದಾಗ, ಅವರು ಕೇಳದಿದ್ದರೂ ನಾನೇ ಕೈಸನ್ನೆಯಲ್ಲಿ ಹೇಳಬೇಕು, ಅವರೂ ತಮ್ಮದನ್ನು ಹೇಳಬೇಕು.