ಚೋರ್ಲಾ ಘಾಟ್ ಹತ್ತೋ ಮುಂಚೆ ಡೀಸೆಲ್ ಫಿಲ್ಟರಿನ ನೀರು ತೆಗೆಯಿರಿ
ಮಳೆಗಾಲದಲ್ಲಿ ಗೋವಾದಿಂದ ಬೆಳಗಾವಿ ಕಡೆ ಹೊರಡೋ ಡೀಸೆಲ್ ಕಾರಿನವರು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಫಿಲ್ಟರಿನ ತಳದ ಡ್ರೇನ್ ಸ್ಕ್ರೂ ಸಡಿಲಿಸಿ ಸುಮಾರು 100 ಮಿ.ಲೀ. ಗಾಜಿನ ಬಾಟಲಿಗೆ ಇಳಿಸಿ. ನೀರು ಡೀಸೆಲ್‌ಗಿಂತ ಭಾರ, ಹತ್ತು ನಿಮಿಷದಲ್ಲಿ ತಳದಲ್ಲಿ ಗೆರೆ ಎಳೆದಂತೆ ಬೇರೆಯಾಗುತ್ತೆ. ಬರೀ ಡೀಸೆಲ್ ಬರೋವರೆಗೂ ಬಿಟ್ಟು ಸ್ಕ್ರೂ ಬಿಗಿ ಮಾಡಿ, ಹ್ಯಾಂಡ್ ಪ್ರೈಮರ್ (ಫಿಲ್ಟರಿಗೆ ಡೀಸೆಲ್ ತುಂಬಿಸಿ ಗಾಳಿ ಹೊರಹಾಕೋ ಕೈಪಂಪು) ಇದ್ದರೆ ಅದು ಗಟ್ಟಿಯಾಗೋವರೆಗೆ ಒತ್ತಿ. ಇದನ್ನು ಮಾತ್ರ ಮರೀಬೇಡಿ: ಒಳಗೆ ಗಾಳಿ ಉಳಿದರೆ ಎಷ್ಟು ಸೆಲ್ಫ್ ಹೊಡೆದರೂ ಗಾಡಿ ಸ್ಟಾರ್ಟ್ ಆಗಲ್ಲ, ಬ್ಯಾಟರಿ ಇಳಿಯುತ್ತೆ ಅಷ್ಟೇ. ನೀರು ತೆಗೆದ ಮೇಲೂ ಊರೊಳಗೆ ಸರಿಯಾಗಿ ಓಡಿ ಏರಿನಲ್ಲಿ ಮಾತ್ರ ಉಸಿರು ಕಟ್ಟಿದರೆ ಫಿಲ್ಟರಿನ ಕಾಗದವೇ ಕಟ್ಟಿಕೊಂಡಿರಬಹುದು. ಏರಿಗೆ ಬೇಕಾದಷ್ಟು ಡೀಸೆಲ್ ಅದರಲ್ಲಿ ಹಾಯಲ್ಲ. ಆಗ ಫಿಲ್ಟರ್ ಬದಲಿಸಲೇಬೇಕು. ಪೆಟ್ರೋಲ್ ಕಾರಿಗೆ ಈ ಉಪಾಯ ನಡೆಯಲ್ಲ.