ಉಪ್ಪು ಗಾಳಿಯಲ್ಲಿ ಪ್ಲೇಯರ್ ಉಳಿಸಿಕೊಂಡ ನನ್ನ ಅನುಭವ

ಉಡುಪಿ ಕರಾವಳಿಯ ಗಂಗೊಳ್ಳಿ, ಮರವಂತೆ, ಮಲ್ಪೆ ಕಡೆ ವೈರಿಂಗ್ ಮಾಡುವವರ ಪ್ಲೇಯರ್, ಅಂದರೆ ತಂತಿ ಹಿಡಿಯುವ, ಕತ್ತರಿಸುವ ಇಕ್ಕಳ, ಸವೆಯುವಷ್ಟು ದಿನ ಬಾಳುವುದೇ ಇಲ್ಲ. ಅದಕ್ಕೆ ಮೊದಲೇ ತುಕ್ಕು ತಿಂದು ಮುಗಿಸಿರುತ್ತದೆ. ಜೂನ್‌ನಲ್ಲಿ ಚೀಲಕ್ಕೆ ಹಾಕಿದ ಚೂಪು ಮೂತಿಯ ನೋಸ್ ಪ್ಲೇಯರ್ ಆಗಸ್ಟ್ ಹೊತ್ತಿಗೆ ಎರಡೂ ಕೈ ಹಾಕಿ ಎಳೆದರೂ ಬಾಯಿ ಬಿಡುವುದಿಲ್ಲ. ಐಸ್ ಪ್ಲಾಂಟ್, ಸಿಗಡಿ ಕೆರೆ ಕೆಲಸ ಹಿಡಿದರೆ ಇನ್ನೂ ಬೇಗ. ನನ್ನ ಈಗಿನ ಸೆಟ್ ಐದಾರು ಮಳೆಗಾಲ ಕಂಡಿದೆ, ಕಟಿಂಗ್ ಪ್ಲೇಯರ್ ಇವತ್ತಿಗೂ ಒಂದು ಬೆರಳಲ್ಲಿ ತೆರೆಯುತ್ತದೆ. ನನ್ನ ಉಪಾಯ ಕೇಳಿ ಅಂದು ನಕ್ಕವರೇ ಈಗ ಬಂದು ಹೇಗೆ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ.

ಮೊದಲೆಲ್ಲ ವರ್ಷಕ್ಕೆ ಎರಡು ಕಟಿಂಗ್ ಪ್ಲೇಯರ್, ಒಂದು ನೋಸ್ ಪ್ಲೇಯರ್, ಮೂರ್ನಾಲ್ಕು ಸ್ಕ್ರೂಡ್ರೈವರ್ ಖರ್ಚಾಗುತ್ತಿತ್ತು. 8 ಇಂಚಿನ ಒಳ್ಳೆಯ ಪ್ಲೇಯರ್ ಆಗ 250 ರೂಪಾಯಿ ಆಸುಪಾಸು. ಹೆಲ್ಪರ್ ಹುಡುಗರ ಸಾಮಾನು ಸೇರಿಸಿದರೆ ವರ್ಷಕ್ಕೆ ಎರಡು ಸಾವಿರದ ಹತ್ತಿರ. ಉಳಿಸಲು ಮಾಡದ ಪ್ರಯತ್ನವಿಲ್ಲ. ಹೊಲಿಗೆ ಮಷಿನ್ ಎಣ್ಣೆ ದಿನಾ ಬಿಟ್ಟು ನೋಡಿದೆ, ಮೇಲೆ ಹೊಳೆಯುತ್ತದೆ, ಒಳಗೆ ಎರಡು ಭಾಗ ಸೇರುವ ಪಿನ್ ಹತ್ತಿರ ಕೆಂಪಗಾಗುತ್ತದೆ. ತೆಂಗಿನೆಣ್ಣೆ ಮೊದಲ ವಾರ ಬಹಳ ಚೆಂದ, ಆಮೇಲೆ ಅಂಟು. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಗೆ ವೈರ್ ಹಾಯಿಸಲು ಗ್ರೂವ್ ಹೊಡೆದ ದಿನ ಆ ಅಂಟಿಗೆ ಕೆಂಪು ಧೂಳು ಮೆತ್ತಿ ಬಾಯಿ ಕಚ್ಚಿಕೊಳ್ಳುತ್ತದೆ. ಗ್ರೀಸ್ ಹಚ್ಚಿದರೆ ಹಿಡಿಯೇ ಜಾರುತ್ತದೆ, ಏಣಿ ಮೇಲೆ ಅದಕ್ಕಿಂತ ಅಪಾಯ ಬೇರೆ ಇಲ್ಲ. ಡಬ್ಬಿಯಲ್ಲಿ ಬರುವ ಸ್ಪ್ರೇಗೆ ಇನ್ನೂರು ಚಿಲ್ಲರೆ ಕೊಟ್ಟೆ, ಹುಡುಗರ ಕೈಗೆ ಸಿಕ್ಕಿ ಅದು ತಿಂಗಳೂ ಬರಲಿಲ್ಲ.

ದಾರಿ ಸಿಕ್ಕಿದ್ದು ಬಂದರಿನಲ್ಲಿ. ದೋಣಿಯವರು ಸಮುದ್ರದಿಂದ ಬಂದ ಮೇಲೆ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಇಂಜಿನ್‌ಗೆ ಸಿಹಿನೀರು ಹರಿಸಿ ತೊಳೆಯುತ್ತಾರಲ್ಲ, ಅದನ್ನು ನೋಡುತ್ತಾ ನಿಂತಿದ್ದೆ. ಮನೆಗೆ ಬಂದು ಪ್ಲೇಯರ್‌ನ ಸಂದಿಗೆ ಒದ್ದೆ ಬಟ್ಟೆ ತೂರಿಸಿ ಒರೆಸಿ, ಆ ಬಟ್ಟೆಗೆ ನಾಲಿಗೆ ತಾಗಿಸಿದೆ. ಉಪ್ಪು! ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡೇ ಇರುತ್ತದೆ. ಅದರ ಮೇಲೆ ಎಣ್ಣೆ ಬಿಟ್ಟು ಏನು ಉಪಯೋಗ? ಮೊದಲು ಉಪ್ಪು ಹೋಗಬೇಕು, ಅದು ಹೋಗುವುದು ನೀರಿನಲ್ಲಿ ಮಾತ್ರ.

ಇದನ್ನು ಹೇಳಿದಾಗ ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ, "ಎಂತ ಮಾರಾಯ, ಕಬ್ಣಕ್ಕೆ ನೀರ್ ಹಾಕುದಾ?" ಎಂದು ಅಂಗಡಿ ಮುಂದೆಯೇ ನಕ್ಕರು. "ಒಂದ್ ಮಳೆಗಾಲ ಕಾಣಿ ಅಣ್ಣ" ಎಂದೆ. ಅಷ್ಟೇ.

ಮಾಡುವುದು ಇಷ್ಟು. ಸಂಜೆ ಬಚ್ಚಲೊಲೆಯ ಬಿಸಿನೀರು, ಕೈ ತಡೆಯುವಷ್ಟು ಬಿಸಿ. ಪ್ಲೇಯರನ್ನು ಅದರಲ್ಲಿ ಮುಳುಗಿಸಿ ಹತ್ತಿಪ್ಪತ್ತು ಸಲ ತೆರೆದು ಮುಚ್ಚಬೇಕು, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಹಲ್ಲು, ಸಂದಿ ಉಜ್ಜಬೇಕು. ಮೊದಲ ನೀರು ಚೆಲ್ಲಿ ಎರಡನೇ ನೀರು. ಕೊಡವಿ, ಒರೆಸಿ, ಒಲೆಯ ಹತ್ತಿರ ಬೆಚ್ಚಗಿರುವ ಕಟ್ಟೆಯ ಮೇಲೆ ಬಾಯಿ ತೆರೆದು ಇಡಬೇಕು. ತೀರಾ ಹತ್ತಿರ ಇಟ್ಟರೆ ಹಿಡಿಯ ಪ್ಲಾಸ್ಟಿಕ್ ಸ್ಲೀವ್ ಮೆತ್ತಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ಪಿನ್‌ಗೆ ಎರಡು ಹನಿ ಎಣ್ಣೆ, ಬ್ಲೇಡಿಗೆ ಎಣ್ಣೆ ಬಟ್ಟೆ, ಹಿಡಿ ಒಣಗಿಯೇ ಇರಬೇಕು. ಮಳೆಗಾಲದಲ್ಲಿ ದಿನಾ, ಬೇಸಗೆಯಲ್ಲಿ ವಾರಕ್ಕೊಮ್ಮೆ ಸಾಕು. ಹೊಲಿಗೆ ಮಷಿನ್ ಎಣ್ಣೆಗೆ ನಾನು ಇನ್ನೊಂದು ಸಾಮಾನು ಸೇರಿಸುತ್ತೇನೆ. ಅದು ಏನು, ಎಷ್ಟು ಎಂಬುದು ನನ್ನಲ್ಲೇ ಇರಲಿ.

ಟೆಸ್ಟರ್, ಮೀಟರ್, ಇನ್ಸುಲೇಟೆಡ್ ಸ್ಕ್ರೂಡ್ರೈವರ್ ಈ ನೀರಿಗೆ ಹೋಗಕೂಡದು, ಅವಕ್ಕೆ ಒರೆಸುವುದು ಮಾತ್ರ. ಮಾಮೂಲಿ ಪ್ಲೇಯರ್‌ನ ಪ್ಲಾಸ್ಟಿಕ್ ಸ್ಲೀವ್ ನಂಬಿ ಲೈವ್ (ಕರೆಂಟ್ ಇರುವ) ವೈರ್ ಮುಟ್ಟುವ ಹುಡುಗರನ್ನು ನಾನು ಸೈಟಿನಿಂದ ಕೆಳಗಿಳಿಸುತ್ತೇನೆ. ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಎಂದು ಅಚ್ಚು ಇರುವುದೇ ಬೇರೆ, ದರವೂ ಬೇರೆ. ಅದಿದ್ದರೂ ಮೊದಲು ಮೇನ್ ಆಫ್. ಟೆಸ್ಟರ್ ಉರಿಯಲಿಲ್ಲ ಎಂದು ಕೈ ಹಾಕುವುದೂ ಬೇಡ. ಟೆಸ್ಟರನ್ನು ಕರೆಂಟ್ ಇರುವ ಕಡೆ ಒಮ್ಮೆ ನೋಡಿ, ಆಮೇಲೆ ಕೆಲಸದ ಜಾಗ, ಮತ್ತೆ ಕರೆಂಟ್ ಇರುವ ಕಡೆ. ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಕಟ್ ಆಗಿದೆಯೋ ಇಲ್ಲವೋ ಟೆಸ್ಟರ್ ಹೇಳುವುದಿಲ್ಲ, ಅದಕ್ಕೆ ನನ್ನ ಬಳಿ ಹಳೆಯ ಟೆಸ್ಟ್ ಲ್ಯಾಂಪ್ (ಎರಡು ವೈರ್ ಕಟ್ಟಿದ ಬಲ್ಬ್) ಇದ್ದೇ ಇದೆ.

ತುಕ್ಕು ನಿಂತ ಮೇಲೆ ಬ್ಲೇಡಿನ ಹರಿತದ ಪ್ರಶ್ನೆ ಬಂತು. ಒಂದು ಪ್ಲೇಯರನ್ನು ವರ್ಕ್‌ಶಾಪ್‌ನ ಬೆಂಚ್ ಗ್ರೈಂಡರಿಗೆ ಕೊಟ್ಟೆ. ಬ್ಲೇಡ್ ಕಾದು ನೀಲಿಯಾಯಿತು, ಹದ ಹೋಯಿತು, ಜಿಐ (ಸತು ಲೇಪದ ಕಬ್ಬಿಣದ) ತಂತಿಗೆ ಹಾಕಿದ ಕೂಡಲೇ ಬಾಯಲ್ಲಿ ಗುಳಿ ಬಿತ್ತು. ಈಗ ಸಾಣೆಕಲ್ಲಿಗೆ ಎಣ್ಣೆ ಬಿಟ್ಟು ಕೈಯಲ್ಲೇ ಸಾಣೆ ಹಿಡಿಯುತ್ತೇನೆ, ಅರ್ಧ ಗಂಟೆ ಹಿಡಿಯುತ್ತದೆ. ಬಾಯಿ ಮುಚ್ಚಿ ಬೆಳಕಿಗೆ ಹಿಡಿದಾಗ ಎರಡು ಬ್ಲೇಡ್‌ಗಳ ನಡುವೆ ಗೆರೆ ಕಾಣಬಾರದು. ತಾಮ್ರ ಕತ್ತರಿಸುವ ಪ್ಲೇಯರ್‌ಗೆ ಕೆಂಪು ಟೇಪ್ ಸುತ್ತಿದ್ದೇನೆ. ಜಿಐ ತಂತಿ, ಮೊಳೆ ಎಳೆಯುವುದು, ಸುತ್ತಿಗೆಯ ಬದಲು ಕುಟ್ಟುವುದು ಎಲ್ಲ ಹಳೆಯದರಲ್ಲಿ.

ಕರೆಂಟ್ ಇರುವಾಗಲೇ ಫೇಸ್ (ಕರೆಂಟ್ ಬರುವ ವೈರ್), ನ್ಯೂಟ್ರಲ್ ಒಟ್ಟಿಗೆ ಕತ್ತರಿಸಿ ಬ್ಲೇಡಿನಲ್ಲಿ ಸುಟ್ಟು ಬಿದ್ದ ದುಂಡು ತೂತನ್ನೇ ವೈರಿನ ಸಿಪ್ಪೆ ತೆಗೆಯುವ ಸ್ಟ್ರಿಪ್ಪರ್ ಮಾಡಿಕೊಂಡವರು ನಮ್ಮಲ್ಲಿ ಎಷ್ಟು ಜನ! 2.5 ಸ್ಕ್ವೇರ್ (ಚದರ ಮಿ.ಮೀ.) ವೈರಿನಲ್ಲಿ 36 ಎಳೆ ಇರುತ್ತದೆ. ಆ ತೂತಿನಲ್ಲಿ ಎಳೆದರೆ ಆರೇಳು ಎಳೆ ಸಿಪ್ಪೆಯ ಜೊತೆಗೇ ಬರುತ್ತದೆ. ಉಳಿದದ್ದಕ್ಕೆ ಕಿಲುಬು ಹಿಡಿಯುತ್ತದೆ, ಗೀಸರ್ ಪಾಯಿಂಟ್ ಕಪ್ಪಾಗುತ್ತದೆ. ಆಮೇಲೆ ನಮಗೇ ಫೋನ್.

ಈ ಫೋನ್ ಕಡಿಮೆಯಾದದ್ದು ಸ್ಟ್ರಿಪ್ಪರ್ ಮತ್ತು ರಾಚೆಟ್ (ಪೂರ್ತಿ ಒತ್ತುವವರೆಗೆ ಬಿಡದ ಹಲ್ಲು) ಇರುವ ಕ್ರಿಂಪಿಂಗ್ ಟೂಲ್ ತಂದ ಮೇಲೆ. ವೈರಿನ ತುದಿಗೆ ಲಗ್ ಎಂಬ ಲೋಹದ ತುಂಡನ್ನು ಒತ್ತಿ ಕೂರಿಸುವ ಸಾಧನ ಅದು. ಕ್ರಿಂಪಿಂಗ್ ಟೂಲ್‌ಗೆ ಸಾವಿರದೈನೂರರ ಹತ್ತಿರ ಕೊಟ್ಟ ನೆನಪು. ಪ್ಲೇಯರಿನಲ್ಲಿ ಜಜ್ಜಿದ ಲಗ್ ಎಳೆದರೆ ಕೈಗೆ ಬರುತ್ತದೆ, ರಾಚೆಟ್‌ನಲ್ಲಿ ಹಾಕಿದ್ದಕ್ಕೆ ಜೋತುಬಿದ್ದರೂ ಬರುವುದಿಲ್ಲ. ತವರ ಲೇಪದ ತಾಮ್ರದ ಲಗ್ಗೇ ಬೇಕು. ಅಲ್ಯೂಮಿನಿಯಂ ಲಗ್ ತಾಮ್ರದ ವೈರಿಗೆ ಎಲ್ಲೂ ಸಲ್ಲ, ಕಡಲ ಬದಿಯಲ್ಲಂತೂ ಪುಡಿಯಾಗುತ್ತದೆ. ಡಿಬಿ (ಮನೆಯ ಕರೆಂಟ್ ಹಂಚುವ ಪೆಟ್ಟಿಗೆ) ಒಂದಕ್ಕೆ ಲಗ್ ಖರ್ಚು ಇನ್ನೂರರೊಳಗೆ. ಮೊದಲು ತಿಂಗಳಿಗೆ ನಾಲ್ಕೈದು ಸಲ ಹಳೆಯ ಕೆಲಸ ನೋಡಲು ಬಿಟ್ಟಿ ಓಡುತ್ತಿದ್ದೆ, ಪೆಟ್ರೋಲ್ ನನ್ನದು, ಅರ್ಧ ದಿನವೂ ನನ್ನದು. ಈಗ ಒಂದು ಇದ್ದರೆ ಹೆಚ್ಚು.

ಎಲ್ಲ ಹೊಸದಾಗಿ ತೆಗೆದುಕೊಂಡಾಗ ಆರೇಳು ಸಾವಿರ ಬಿದ್ದಿರಬೇಕು. ಆಮೇಲೆ ಹೊಸ ಪ್ಲೇಯರ್ ಕೊಂಡಿಲ್ಲ, ಎರಡು ಸ್ಕ್ರೂಡ್ರೈವರ್ ಕಳೆದು ಹೋದವು, ಅಷ್ಟೇ. ಮೇಸ್ತ್ರಿಯೂ ಈಗ ತೊಳೆಯುತ್ತಾರೆ, ಆದರೆ ತಣ್ಣೀರಿನಲ್ಲಿ. ಬೇಗ ಒಣಗುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

ಈ ಸಲ ಸಾಮಾನಿನ ಡಬ್ಬಿಗೆ ತುಕ್ಕು ಬಾರದಿರಲು ಒಳಗೆ ಏನಿಡಬೇಕು ಎಂಬುದರ ಪರೀಕ್ಷೆ ನಡೆದಿದೆ. ಒಂದರಲ್ಲಿ ಹುರಿದ ಅಕ್ಕಿ, ಒಂದರಲ್ಲಿ ಶೂ ಡಬ್ಬಿಯ ಸಿಲಿಕಾ ಪೊಟ್ಟಣ, ಒಂದರಲ್ಲಿ ಕರ್ಪೂರ. ಅಕ್ಕಿಗೆ ಹುಳ ಬಿದ್ದು ಆಗಲೇ ಹೊರಗೆ ಹೋಯಿತು. ಸಿಲಿಕಾವನ್ನು ವಾರಕ್ಕೊಮ್ಮೆ ಬೆಚ್ಚಗೆ ಮಾಡಿ ಒಣಗಿಸಿದರೆ ಪರವಾಗಿಲ್ಲ. ಕರ್ಪೂರದ ಡಬ್ಬಿಯಲ್ಲಿಟ್ಟ ಹ್ಯಾಕ್ಸಾ ಬ್ಲೇಡಿಗೆ ಶ್ರಾವಣದವರೆಗೂ ಚುಕ್ಕೆ ಬಿದ್ದಿರಲಿಲ್ಲ. ದೀಪಾವಳಿ ಕಳೆದ ಮೇಲೆ ಮೂರನ್ನೂ ತೆರೆದು ಪಕ್ಕದಲ್ಲಿಟ್ಟು ನೋಡಬೇಕು.